ಒಮ್ಮೆ ಸರಿ, ಒಮ್ಮೆ ಕೆಡುವ ಕಾರು: ಎಂಜಿನ್ ಓಡುವಾಗ ಬ್ಯಾಟರಿ ವಯರ್ ಕಳಚಿ ನೋಡಬಹುದೇ?

ಬಿ.ಸಿ.ರೋಡ್‌ನಿಂದ ಒಂದು ಹೆದ್ದಾರಿ ಶಿರಾಡಿ ಘಾಟಿಯತ್ತ, ಇನ್ನೊಂದು ಬೆಳ್ತಂಗಡಿ ದಾಟಿ ಚಾರ್ಮಾಡಿಯತ್ತ ಹೋಗುತ್ತದೆ. ಮಳೆಗಾಲದ ರಾತ್ರಿ ಘಾಟಿಯ ತಿರುವಿನಲ್ಲಿ ಹೆಡ್‌ಲೈಟ್ ಒಂದು ಕ್ಷಣ ಆರಿದರೂ ಅಪಾಯ. ಬೆಳಿಗ್ಗೆ ಗ್ಯಾರೇಜಿಗೆ ಒಯ್ದರೆ ಕಾರು ಏನೂ ಆಗದಂತೆ ಸ್ಟಾರ್ಟ್ ಆಗುತ್ತದೆ! ಇಂಥ ಹೊತ್ತಿಗೆ ನೆನಪಾಗುವುದು ಮೊಬೈಲಿಗೆ ಬಂದ ಸಲಹೆ.

ಸಲಹೆ ಏನು?

ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವಯರ್ ಕಳಚಿ. ಎಂಜಿನ್ ನಿಂತರೆ ಆಲ್ಟರ್ನೇಟರ್ ಕೆಟ್ಟಿದೆ, ನಿಲ್ಲದಿದ್ದರೆ ಬ್ಯಾಟರಿ ಬದಲಿಸಿ.

ಇದು ಸರಿಯೇ?

ಸರಿಯಲ್ಲ. ಆಲ್ಟರ್ನೇಟರ್‌ನಿಂದ ಬರುವ ವಿದ್ಯುತ್ತಿನ ಏರಿಳಿತವನ್ನು ಬ್ಯಾಟರಿ ಹೀರಿಕೊಳ್ಳುತ್ತದೆ. ಅದನ್ನು ತಟ್ಟನೆ ಕಳಚಿದರೆ 14 ವೋಲ್ಟ್ ಇದ್ದದ್ದು ಕ್ಷಣಾರ್ಧದಲ್ಲಿ ಹಲವು ಪಟ್ಟು ಏರಬಹುದು. ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್ (ಇಸಿಯು) ಸುಟ್ಟುಹೋಗುವ ಸಾಧ್ಯತೆ ಇದೆ. ಕಾರ್ಬುರೇಟರ್ ಕಾಲದ ಅಂಬಾಸಿಡರ್‌ನಲ್ಲಿ ಸುಡಲು ಇಂಥ ಕಂಪ್ಯೂಟರ್ ಇರಲಿಲ್ಲ. ಅಲ್ಲದೆ, ಆಲ್ಟರ್ನೇಟರ್ ದುರ್ಬಲವಾಗಿದ್ದರೂ ಎಂಜಿನ್ ಓಡುತ್ತಲೇ ಇರಬಹುದು. ಹಾಗಾಗಿ ಪರೀಕ್ಷೆಯ ಫಲಿತಾಂಶವನ್ನೂ ನಂಬುವಂತಿಲ್ಲ.

ಒಮ್ಮೊಮ್ಮೆ ಮಾತ್ರ ಕೆಡುವುದೇಕೆ?

ಬಂದು ಹೋಗುವ ದೋಷ ಅನೇಕ ಸಲ ಇರುವುದು ಬಿಡಿಭಾಗದಲ್ಲಲ್ಲ, ಜೋಡಣೆಯಲ್ಲಿ. ಸಡಿಲ ಟರ್ಮಿನಲ್, ತುಕ್ಕು ಹಿಡಿದ ಅರ್ಥ್ ವಯರ್, ನೀರು ಸೇರಿದ ಕನೆಕ್ಟರ್, ಇಲಿ ಕಡಿದ ವಯರ್. ಗುಂಡಿಯಲ್ಲಿ ಕುಲುಕಿದಾಗ, ಒದ್ದೆಯಾದಾಗ, ಬಿಸಿಯಾದಾಗ ಸಂಪರ್ಕ ತಪ್ಪುತ್ತದೆ, ಮತ್ತೆ ಕೂಡುತ್ತದೆ.

ಸಣ್ಣ ಲೆಕ್ಕ ನೋಡಿ. ತುಕ್ಕಿನಿಂದ 0.02 ಓಮ್ ಅಡ್ಡಿ ಇದೆ ಎನ್ನೋಣ. 5 ಆಂಪಿಯರ್ ಎಳೆಯುವ ದೀಪಕ್ಕೆ ನಷ್ಟವಾಗುವುದು 0.1 ವೋಲ್ಟ್ ಮಾತ್ರ. 150 ಆಂಪಿಯರ್ ಎಳೆಯುವ ಸ್ಟಾರ್ಟರ್‌ಗೆ 3 ವೋಲ್ಟ್! ದೀಪ ಚೆನ್ನಾಗಿ ಉರಿದರೂ ಕಾರು ಸ್ಟಾರ್ಟ್ ಆಗದಿರುವುದಕ್ಕೆ ಇದೂ ಒಂದು ಕಾರಣ.

ಏನು ಮಾಡಬೇಕು?

1. ದೋಷ ಕಂಡಾಗ ಕಾರನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಮೊಬೈಲಿನಲ್ಲಿ ವಿಡಿಯೋ ಮಾಡಿ. ಮಳೆ ಇತ್ತೇ, ಎಂಜಿನ್ ಬಿಸಿ ಇತ್ತೇ, ಏನೇನು ಆನ್ ಇತ್ತು ಎಂದು ಬರೆದಿಡಿ. ಮೆಕ್ಯಾನಿಕ್‌ಗೆ ಇದೇ ದೊಡ್ಡ ಸುಳಿವು.

2. ಮಲ್ಟಿಮೀಟರ್‌ನಿಂದ ಬ್ಯಾಟರಿ ಅಳೆಯಿರಿ. ಕೆಲವು ಗಂಟೆ ನಿಂತ ಕಾರಿನಲ್ಲಿ ಸುಮಾರು 12.6, ಎಂಜಿನ್ ಓಡುವಾಗ ಸಾಮಾನ್ಯವಾಗಿ 13.5ರಿಂದ 14.7 ವೋಲ್ಟ್ ಇರಬೇಕು. ಕೆಲವು ಹೊಸ ಕಾರುಗಳಲ್ಲಿ ಕಂಪ್ಯೂಟರೇ ಇದನ್ನು ಏರಿಳಿಸುತ್ತದೆ.

3. ಮೀಟರಿನ ಒಂದು ತುದಿ ಬ್ಯಾಟರಿಯ ಮೈನಸ್‌ಗೆ, ಇನ್ನೊಂದು ಎಂಜಿನ್ನಿನ ಲೋಹಕ್ಕೆ ಹಿಡಿದು, ಬೇರೊಬ್ಬರಿಂದ ಸ್ಟಾರ್ಟ್ ಮಾಡಿಸಿ. ಅರ್ಧ ವೋಲ್ಟ್‌ಗಿಂತ ಹೆಚ್ಚು ತೋರಿದರೆ ಅರ್ಥ್ ಜೋಡಣೆ ನೋಡಿಸಿ.

4. ಟರ್ಮಿನಲ್ ಸ್ವಚ್ಛಗೊಳಿಸುವುದಿದ್ದರೆ ಎಂಜಿನ್ ಆಫ್ ಮಾಡಿ, ಮೈನಸ್ ಮೊದಲು ಕಳಚಿ, ಕೊನೆಗೆ ಜೋಡಿಸಿ.

5. ಫ್ಯೂಸ್ ಪದೇ ಪದೇ ಹೋಗುತ್ತಿದ್ದರೆ 10 ಆಂಪಿಯರ್ ಜಾಗಕ್ಕೆ 20 ಹಾಕಬೇಡಿ. ಆಗ ಫ್ಯೂಸ್ ಬದಲು ವಯರ್ ಸುಡುತ್ತದೆ.

ಏರ್‌ಬ್ಯಾಗಿನ ಹಳದಿ ವಯರ್, ಹೈಬ್ರಿಡ್ ಮತ್ತು ಎಲೆಕ್ಟ್ರಿಕ್ ಕಾರುಗಳ ಕಿತ್ತಳೆ ಬಣ್ಣದ ಕೇಬಲ್ ಮುಟ್ಟಬೇಡಿ. ಸುಟ್ಟ ವಾಸನೆ ಬಂದರೆ ಕಾರು ನಿಲ್ಲಿಸಿ, ಎಲ್ಲರೂ ಇಳಿದು ದೂರ ಹೋಗಿ.

ತೀರ್ಮಾನ

ಎಂಜಿನ್ ಓಡುವಾಗ ಬ್ಯಾಟರಿ ಕಳಚುವ ಪರೀಕ್ಷೆ ತಪ್ಪು, ದುಬಾರಿಯೂ ಹೌದು. ಹೊಸ ಬ್ಯಾಟರಿ ಕೊಳ್ಳುವ ಮುನ್ನ ಜೋಡಣೆ ಪರೀಕ್ಷಿಸಿ. ಹೆಡ್‌ಲೈಟ್ ಒಮ್ಮೆ ಆರಿ ತಾನಾಗಿಯೇ ಹೊತ್ತಿಕೊಂಡಿದ್ದರೆ, ದುರಸ್ತಿ ಆಗುವವರೆಗೆ ಆ ಕಾರಿನಲ್ಲಿ ರಾತ್ರಿ ಘಾಟಿ ಹತ್ತಬೇಡಿ. ಆ ಸಲಹೆ ನಿಮ್ಮ ಗ್ರೂಪಿಗೂ ಬಂದಿದ್ದರೆ ಈ ಲೇಖನವನ್ನು ಅಲ್ಲೇ ಹಂಚಿಕೊಳ್ಳಿ ಎಂಬುದು ನಮ್ಮ ವಿನಂತಿ.