ಹಂಗಾಮಿನ ಕೆಲಸಗಳಿಗೆ ಕೂಲಿಕಾರರ ಹೊಂದಾಣಿಕೆ: ಕೌಶಲ ಮತ್ತು ಸ್ಥಳ ಆಧಾರಿತ ಯೋಜನೆ

ಧಾರವಾಡ ಜಿಲ್ಲೆಯ ನವಲಗುಂದ, ಅಣ್ಣಿಗೇರಿ, ಕುಂದಗೋಳ ಮತ್ತು ಕಲಘಟಗಿ ತಾಲ್ಲೂಕುಗಳಲ್ಲಿ ಪ್ರತಿ ಹಂಗಾಮಿನಲ್ಲಿಯೂ ಆಳುಗಳ ಕೊರತೆಯ ಮಾತು ಕೇಳಿಬರುತ್ತದೆ. ಕೊರತೆ ನಿಜವಾದರೂ ಅದು ವರ್ಷವಿಡೀ ಒಂದೇ ಸಮನಾಗಿರುವುದಿಲ್ಲ. ಕೆಲವು ವಾರಗಳಲ್ಲಿ ಎಲ್ಲ ಹೊಲಗಳಿಗೂ ಒಮ್ಮೆಲೇ ಆಳು ಬೇಕಾಗುತ್ತದೆ. ಉಳಿದ ವಾರಗಳಲ್ಲಿ ಅದೇ ಕೂಲಿಕಾರರು ಕೆಲಸವಿಲ್ಲದೆ ಕುಳಿತಿರುತ್ತಾರೆ. ಆದುದರಿಂದ ಯಾವ ಕೆಲಸ ಎಷ್ಟು ದಿನ ಕಾಯಬಲ್ಲದು, ಅದಕ್ಕೆ ಯಾವ ಕೌಶಲ ಬೇಕು, ಆ ಕೌಶಲವುಳ್ಳವರು ಎಷ್ಟು ದೂರದಲ್ಲಿದ್ದಾರೆ ಎಂಬ ಮೂರು ಅಂಶಗಳನ್ನು ಹಂಗಾಮಿಗೆ ಮೊದಲೇ ಹೊಂದಿಸಿಕೊಳ್ಳುವುದು ಅವಶ್ಯ.

ತಾಲ್ಲೂಕುವಾರು ಬೇಡಿಕೆ

ನವಲಗುಂದ ಮತ್ತು ಅದರಿಂದ ಬೇರ್ಪಟ್ಟ ಅಣ್ಣಿಗೇರಿ ಉತ್ತರ ಒಣ ವಲಯದಲ್ಲಿಯೂ, ಕುಂದಗೋಳ ಉತ್ತರ ಸಂಕ್ರಮಣ ವಲಯದಲ್ಲಿಯೂ, ಕಲಘಟಗಿ ಗುಡ್ಡಗಾಡು ವಲಯದಲ್ಲಿಯೂ ಇವೆ. ಒಣ ವಲಯದ ಕಪ್ಪು ಭೂಮಿಯಲ್ಲಿ ಮುಂಗಾರಿನ ಹೆಸರು ಸಾಮಾನ್ಯವಾಗಿ ಆಗಸ್ಟ್–ಸೆಪ್ಟೆಂಬರ್‌ನಲ್ಲಿ ಕೊಯ್ಲಿಗೆ ಬರುತ್ತದೆ. ಅದರ ಬೆನ್ನಿಗೇ ಹಿಂಗಾರಿನ ಕಡಲೆ, ಜೋಳ, ಕುಸುಬೆಗಳಿಗೆ ಭೂಮಿ ಸಿದ್ಧಪಡಿಸಬೇಕಾಗುತ್ತದೆ. ಕುಂದಗೋಳದಲ್ಲಿ ಶೇಂಗಾ, ಹತ್ತಿ ಮತ್ತು ಮೆಣಸಿನಕಾಯಿ ಕೆಲಸಗಳು ಚಳಿಗಾಲದವರೆಗೂ ಹರಡಿಕೊಂಡಿರುತ್ತವೆ. ಕಲಘಟಗಿಯ ಕೂರಿಗೆ ಭತ್ತ ಮತ್ತು ಗೋವಿನಜೋಳಕ್ಕೆ ಮಳೆಗಾಲದ ಆರಂಭದ ವಾರಗಳಲ್ಲಿ ಕಳೆ ತೆಗೆಯುವ ಒತ್ತಡವಿರುತ್ತದೆ. ಹೀಗೆ ಪ್ರತಿ ತಾಲ್ಲೂಕಿನ ಬೇಡಿಕೆಯ ಶಿಖರ ಬೇರೆ ಬೇರೆ ಕಾಲದಲ್ಲಿ ಬರುತ್ತದೆ. ಹೆಸರು ಬಿಡಿಸುವ ದಿನಗಳಲ್ಲಿ ಕಲಘಟಗಿಯ ಭತ್ತ ಇನ್ನೂ ಕೊಯ್ಲಿಗೆ ಬಂದಿರುವುದಿಲ್ಲ. ಆದರೆ ಅಲ್ಲಿಂದ ನವಲಗುಂದಕ್ಕೆ ದಿನವೂ ಹೋಗಿಬರುವುದು ಲಾಭದಾಯಕವಲ್ಲ. ವಸತಿ ಏರ್ಪಾಡಿದ್ದರೆ ಮಾತ್ರ ಅಂತಹ ಗುಂಪನ್ನು ಕರೆಸಬೇಕು.

ಕೆಲಸಗಳ ಆದ್ಯತೆ

1. ಕಾಯಲಾರದ ಕೆಲಸಗಳು: ಮಾಗಿದ ಹೆಸರಿನ ಕಾಯಿ ಬಿಡಿಸುವುದು, ಹದ ಆರುವ ಮೊದಲು ಬಿತ್ತನೆ, ಕೀಟ ಬಾಧೆ ಹೆಚ್ಚಿದಾಗ ಸಿಂಪರಣೆ. ಮಾಗಿದ ಹೆಸರು ಮಳೆಗೆ ಸಿಕ್ಕರೆ ಕಾಯಿಯಲ್ಲೇ ಮೊಳಕೆಯೊಡೆದು ಕಾಳಿನ ಬಣ್ಣ ಕೆಡುತ್ತದೆ. ತಡವಾದರೆ ಕಾಯಿ ಸಿಡಿಯುತ್ತದೆ.
2. ಅವಧಿಯೊಳಗೆ ಮುಗಿಸಬೇಕಾದ ಕೆಲಸಗಳು: ಕಳೆ ತೆಗೆಯುವುದು, ಎಡೆ ಹೊಡೆಯುವುದು, ಕಡಲೆಯ ಕುಡಿ ಚಿವುಟುವುದು, ಹತ್ತಿ ಬಿಡಿಸುವುದು. ಶೇಂಗಾದಲ್ಲಿ ಸೂಜಿ ಭೂಮಿಗಿಳಿದ ಮೇಲೆ ಎಡೆ ಹೊಡೆಯಬಾರದು. ಆದ್ದರಿಂದ ಬಿತ್ತಿದ 40–45 ದಿನಗಳೊಳಗೆ ಈ ಕೆಲಸ ಮುಗಿಯಬೇಕು.
3. ಕಾಯಬಲ್ಲ ಕೆಲಸಗಳು: ಬದು ದುರಸ್ತಿ, ಕೃಷಿ ಹೊಂಡದ ಹೂಳೆತ್ತುವುದು, ಹೊಟ್ಟು–ಮೇವು ಒಟ್ಟುವುದು.

ಮೊದಲ ವರ್ಗದ ಕೆಲಸಕ್ಕೆ ಆಳು ನಿಗದಿಪಡಿಸಿದ ನಂತರವೇ ಉಳಿದವುಗಳಿಗೆ ಹಂಚಬೇಕು. ಉದಾಹರಣೆಗೆ, 6 ಎಕರೆ ಹೆಸರಿಗೆ ಎಕರೆಗೆ 6 ಆಳಿನಂತೆ ಒಟ್ಟು 36 ಆಳು ಬೇಕೆಂದು ಲೆಕ್ಕ ಹಾಕಿದರೆ, 4 ದಿನದಲ್ಲಿ ಮುಗಿಸಲು ದಿನಕ್ಕೆ 9 ಆಳು ಬೇಕು. 6 ಆಳು ಮಾತ್ರ ಸಿಕ್ಕರೆ ಕೆಲಸ 6 ದಿನ ಹಿಡಿಯುತ್ತದೆ. ಹೆಚ್ಚುವರಿ ಎರಡು ದಿನಗಳಲ್ಲಿ ಮಳೆ ಬಂದರೆ ಹಂಗಾಮಿನ ಶ್ರಮವೇ ನಷ್ಟವಾಗಬಹುದು.

ಕೌಶಲಕ್ಕೆ ತಕ್ಕ ಕೆಲಸ

ಕೂರಿಗೆ ಹಿಡಿಯುವವರು, ಎಡೆಕುಂಟೆ ಹೊಡೆಯುವವರು, ಟ್ರ್ಯಾಕ್ಟರ್ ಚಾಲಕರು ಮತ್ತು ಸಿಂಪರಣೆ ಬಲ್ಲವರು ಪ್ರತಿ ಗ್ರಾಮದಲ್ಲಿ ಕೆಲವರೇ ಇರುತ್ತಾರೆ. ಅಂಥವರನ್ನು ಬದು ಹಾಕುವಂತಹ ಸಾಮಾನ್ಯ ಕೆಲಸಕ್ಕೆ ಕಳುಹಿಸಿದರೆ ಬಿತ್ತನೆಯ ದಿನ ಅವರು ದೊರೆಯುವುದಿಲ್ಲ. ಹಣ್ಣಾದ ಮೆಣಸಿನಕಾಯಿಯನ್ನು ಮಾತ್ರ ಆರಿಸಿ ಬಿಡಿಸುವುದು, ಬೆಳೆಗೆ ಧಕ್ಕೆಯಾಗದಂತೆ ಸಾಲಿನಲ್ಲಿ ಕಳೆ ತೆಗೆಯುವುದು ಸಹ ಕೌಶಲವೇ. ಇದರಲ್ಲಿ ನುರಿತ ಮಹಿಳಾ ಗುಂಪುಗಳಿಗೆ ಮೊದಲೇ ದಿನ ಗೊತ್ತುಮಾಡಬೇಕು. ಕೀಟನಾಶಕ ಸಿಂಪರಣೆಯನ್ನು ತರಬೇತಿ ಪಡೆದ ವಯಸ್ಕರಿಗೆ ಮಾತ್ರ, ಕೈಗವಸು ಮತ್ತು ಮುಖಗವಸುಗಳೊಂದಿಗೆ ವಹಿಸಬೇಕು. ಗರ್ಭಿಣಿಯರು, ಬಾಣಂತಿಯರು ಮತ್ತು ಮಕ್ಕಳನ್ನು ಈ ಕೆಲಸದಿಂದ ಸಂಪೂರ್ಣವಾಗಿ ದೂರವಿಡಬೇಕು.

ದೂರದ ಲೆಕ್ಕ

ಹೋಗಲು ಒಂದು ತಾಸು, ಬರಲು ಒಂದು ತಾಸು ಹಿಡಿದರೆ 10 ಆಳಿನ ಗುಂಪಿಗೆ ದಿನಕ್ಕೆ 20 ತಾಸು, ಅಂದರೆ 8 ತಾಸಿನ ದಿನದ ಲೆಕ್ಕದಲ್ಲಿ ಎರಡೂವರೆ ಆಳಿನ ಕೆಲಸ ದಾರಿಯಲ್ಲೇ ಕಳೆಯುತ್ತದೆ. 2005ರ ಉದ್ಯೋಗ ಖಾತರಿ ಕಾಯ್ದೆಯು ಸಾಧ್ಯವಾದಷ್ಟು 5 ಕಿ.ಮೀ. ಒಳಗೇ ಕೆಲಸ ನೀಡಬೇಕು, ಅದಕ್ಕಿಂತ ದೂರವಾದರೆ ಶೇ 10ರಷ್ಟು ಹೆಚ್ಚು ಕೂಲಿ ಕೊಡಬೇಕು ಎಂಬ ಸೂತ್ರವನ್ನು ರೂಪಿಸಿತು. ಖಾಸಗಿ ಕೃಷಿ ಕೆಲಸಕ್ಕೂ ಈ ಸೂತ್ರ ಉತ್ತಮ ಮಾದರಿ. ಸರಕು ಸಾಗಣೆ ವಾಹನದಲ್ಲಿ ಕೂಲಿಕಾರರನ್ನು ತುಂಬಿ ಕರೆತರುವುದು ಜೀವಕ್ಕೆ ಅಪಾಯ. ಯಾವ ಕೊಯ್ಲಿನ ಅವಸರವೂ ಇದಕ್ಕೆ ಸಮರ್ಥನೆಯಾಗದು.

ಅನುಸರಿಸಬೇಕಾದ ಕ್ರಮಗಳು

1. ಹಂಗಾಮಿಗೆ ಒಂದು ತಿಂಗಳು ಮೊದಲು ಗ್ರಾಮದ 10–15 ರೈತರು ಸೇರಿ ಬೆಳೆ, ಕ್ಷೇತ್ರ, ಬಿತ್ತನೆ ದಿನಾಂಕ ಮತ್ತು ಅಂದಾಜು ಕೊಯ್ಲಿನ ವಾರವನ್ನು ಒಂದೇ ಹಾಳೆಯಲ್ಲಿ ಬರೆಯಬೇಕು.
2. ಕೂಲಿಕಾರರ ಒಪ್ಪಿಗೆ ಪಡೆದು ಅವರ ಕೌಶಲ, ಓಣಿ ಮತ್ತು ಬಿಡುವಿನ ದಿನಗಳನ್ನು ಪಟ್ಟಿ ಮಾಡಬೇಕು.
3. ಎಲ್ಲರಿಗೂ ಒಂದೇ ವಾರದಲ್ಲಿ ಆಳು ಬೇಕಾಗುವುದು ಕಂಡುಬಂದರೆ ಬಿತ್ತನೆಯನ್ನು ಶಿಫಾರಸು ಮಾಡಿದ ಅವಧಿಯೊಳಗೇ ಕೆಲವು ದಿನ ಹಿಂದುಮುಂದು ಮಾಡಿಕೊಳ್ಳಬೇಕು.
4. ಮುಯ್ಯಾಳು ಪದ್ಧತಿಯನ್ನು ಸಣ್ಣ ಹಿಡುವಳಿದಾರರು ಪುನಃ ರೂಢಿಗೆ ತರಬೇಕು. ಯಂತ್ರದಿಂದ ಆಗುವ ಕೆಲಸಕ್ಕೆ ಕೃಷಿ ಯಂತ್ರಧಾರೆ ಕೇಂದ್ರದಲ್ಲಿ ಮುಂಗಡವಾಗಿ ನೋಂದಾಯಿಸಬೇಕು.
5. ಕಪ್ಪು ಭೂಮಿಯಲ್ಲಿ ಮಳೆಯ ನಂತರ ಕೆಲ ದಿನ ಹೊಲಕ್ಕೆ ಇಳಿಯಲಾಗುವುದಿಲ್ಲ. ಆ ದಿನಗಳಿಗೆ ಒಕ್ಕಣೆ, ಬೀಜ ಸ್ವಚ್ಛತೆಯಂತಹ ಬದಲಿ ಕೆಲಸ ಗೊತ್ತುಮಾಡಿರಬೇಕು.

ಕೂಲಿಯ ನ್ಯಾಯ

ಸಮಾನ ಕೆಲಸಕ್ಕೆ ಸ್ತ್ರೀ–ಪುರುಷರಿಗೆ ಸಮಾನ ವೇತನವಿರಬೇಕೆಂಬುದು ಸಂವಿಧಾನದ 39ನೇ ವಿಧಿಯ ಆಶಯ. ಗುತ್ತಿಗೆ ದರ, ಊಟದ ಬಿಡುವು, ಕುಡಿಯುವ ನೀರು ಮತ್ತು ಹಣ ಪಾವತಿಯ ದಿನವನ್ನು ಮೊದಲೇ ನಿಶ್ಚಯಿಸಿ ನಡೆದುಕೊಂಡ ರೈತನ ಹೊಲಕ್ಕೆ ಮುಂದಿನ ಹಂಗಾಮಿನಲ್ಲಿಯೂ ಗುಂಪು ತಾನಾಗಿಯೇ ಬರುತ್ತದೆ. ಪಟ್ಟಿ ಎಷ್ಟೇ ಕ್ರಮಬದ್ಧವಾಗಿದ್ದರೂ ಈ ನಂಬಿಕೆಯಿಲ್ಲದೆ ಅದು ಕಾಗದದಲ್ಲಿಯೇ ಉಳಿಯುತ್ತದೆ.

ವಿಸ್ತರಣಾ ಕಾರ್ಯಕರ್ತರು ಈ ಪಟ್ಟಿಗಳನ್ನು ಹೋಬಳಿ ಮಟ್ಟದಲ್ಲಿ ಒಟ್ಟುಗೂಡಿಸಿ, ಬಿಡುವಿರುವ ಗ್ರಾಮದ ಗುಂಪನ್ನು ಅಗತ್ಯವಿರುವ ನೆರೆಯ ಗ್ರಾಮಕ್ಕೆ ಪರಿಚಯಿಸಬಹುದು. ಬೆಳೆವಾರು ಮಾಹಿತಿಗಾಗಿ ರೈತ ಬಾಂಧವರು ಸಮೀಪದ ರೈತ ಸಂಪರ್ಕ ಕೇಂದ್ರವನ್ನು ಅಥವಾ ಕೃಷಿ ವಿಜ್ಞಾನ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ.