ನಾಣ್ಯದ ಮೇಲೆ ಅಕ್ಕಸಾಲಿಯ ಠಸ್ಸೆ

ಹಳೆಯ ನಾಣ್ಯದಲ್ಲಿ ಟಂಕಸಾಲೆಯ ಅಚ್ಚಲ್ಲದೆ ಬೇರೊಂದು ಠಸ್ಸೆ ಕಂಡಾಗ, ಅದು ಯಾರದೆಂದು ನಿರ್ಣಯಿಸುವುದು ಹೇಗೆ? ನ್ಯೂಯಾರ್ಕಿನ ಬೆಳ್ಳಿಬಂಗಾರಗಳ ಕುಶಲಕರ್ಮಿ ಎಫ್ರೈಮ್ ಬ್ರೇಶರನ ‘ಇಬಿ’ ಠಸ್ಸೆ ಇಲ್ಲಿ ಉತ್ತಮ ನಿದರ್ಶನ. ಅನ್ಯದೇಶಗಳ ಹೊನ್ನಿನ ನಾಣ್ಯಗಳನ್ನು ತೂಗಿ ಪರೀಕ್ಷಿಸಿ ಅವನು ಈ ಎರಡಕ್ಷರಗಳನ್ನು ಒತ್ತುತ್ತಿದ್ದನು. ಎರಡಕ್ಷರ ಯಾರದಾದರೂ ಆಗಬಹುದು. ಅಂಕಿತವೊಂದರಿಂದಲೇ ವಚನಕಾರನನ್ನು ನಿರ್ಧರಿಸಲಾಗದಷ್ಟೆ. ಆದರೆ 1787ರ ಅವನ ಡಬ್ಲೂನ್ ನಾಣ್ಯದ ಒಂದು ಮುಖದಲ್ಲಿ ಸೂರ್ಯೋದಯದ ಚಿತ್ರದ ಕೆಳಗೆ ‘ಬ್ರೇಶರ್’ ಎಂಬ ಹೆಸರೇ ಅಚ್ಚಾಗಿದೆ. ಇನ್ನೊಂದು ಮುಖದ ಹದ್ದಿನ ರೆಕ್ಕೆಯ ಮೇಲೆ, ಒಂದು ಪ್ರತಿಯಲ್ಲಿ ಮಾತ್ರ ಎದೆಯ ಮೇಲೆ, ಅಂಡಾಕೃತಿಯ ಚೌಕಟ್ಟಿನಲ್ಲಿ ‘ಇಬಿ’ ಇದೆ. ಹೆಸರೂ ಠಸ್ಸೆಯೂ ಒಂದೇ ಲೋಹದಲ್ಲಿ ಕೂಡಿದುದರಿಂದ ಸಂದೇಹಕ್ಕೆ ಎಡೆಯಿಲ್ಲ. ಅವನು ಮಾಡಿದ ಬೆಳ್ಳಿಪಾತ್ರೆಗಳ ಗುರುತುಗಳೂ ಹೋಲಿಕೆಗೆ ಒದಗುತ್ತವೆ.

ನಮ್ಮ ದೇಶದ ರೂಪಾಯಿಗಳ ಮೇಲಿನ ಸರಾಫರ ಗುರುತುಗಳಿಗೆ ಈ ಭಾಗ್ಯವಿಲ್ಲ. ಚುಕ್ಕೆ, ಹೂವು, ನಕ್ಷತ್ರ, ಹೆಸರಿಲ್ಲ. ನಾಣ್ಯವನ್ನು ಪರೀಕ್ಷಿಸಿದ್ದಾರೆಂಬುದನ್ನು ಅವು ಹೇಳುತ್ತವೆ, ಯಾರೆಂಬುದನ್ನಲ್ಲ. ಒಂದೊಂದು ಗುರುತನ್ನೂ ಒಂದೊಂದು ಪೇಟೆಗೆ ಹಚ್ಚುವ ಆತುರವನ್ನು ನಾವು ಒಪ್ಪಲಾರೆವು. ಅವುಗಳನ್ನು ಬರಿಯ ಗಾಯವೆಂದು ಬಗೆದು ಸೂಚಿಯಿಂದ ಬಿಡುವುದು ಇನ್ನೂ ಹಾನಿಕರ. ಗುರುತಿನ ಆಕಾರ, ಅಳತೆ, ಸ್ಥಾನಗಳನ್ನು ನಾಣ್ಯದ ವರ್ಷದೊಡನೆ ಬರೆದಿಟ್ಟರೆ, ಒಂದೇ ಠಸ್ಸೆ ಎರಡು ನಿಧಿಗಳಲ್ಲಿ ದೊರೆತಾಗಲಾದರೂ ಹೋಲಿಸಿ ನೋಡಬಹುದು.