ನಾಯಿಯ ಕಿವಿಯ ಆರೈಕೆ

ಸಾಕುನಾಯಿಯ ಹೊರಕಿವಿಯನ್ನು ಮನೆಯಲ್ಲೇ ಪರೀಕ್ಷಿಸಿ, ಒರೆಸಿ, ಒಣಗಿಸಿಡುವ ಕೆಲಸ. ಮಂಗಳೂರಿನಲ್ಲಿ ಇದು ಬಹುಮಟ್ಟಿಗೆ ತೇವದ ಪ್ರಶ್ನೆ. ವರ್ಷಕ್ಕೆ 3,000 ಮಿ.ಮೀ.ಗೂ ಮಿಕ್ಕಿದ ಮಳೆಯ ಹೆಚ್ಚಿನ ಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುರಿಯುತ್ತದೆ. ಒಗೆದ ಬಟ್ಟೆಯೇ ಒಣಗದ ಆ ದಿನಗಳಲ್ಲಿ ಲ್ಯಾಬ್ರಡಾರ್, ಕಾಕರ್ ಸ್ಪಾನಿಯಲ್‌ಗಳ ಜೋಲುಕಿವಿ ಒಣಗುವುದೆಲ್ಲಿಂದ! ಪಣಂಬೂರು, ತಣ್ಣೀರುಬಾವಿ ಕಡಲಲ್ಲಿ ಮಿಂದ ನಾಯಿಗೂ ಇದೇ ಪಾಡು.

ನಾಯಿಯ ಕಿವಿನಾಳ ಮೊದಲು ಕೆಳಕ್ಕಿಳಿದು ಬಳಿಕ ಒಳಕ್ಕೆ ತಿರುಗುತ್ತದೆ. ನೀರು, ಕೊಳೆ ಆ ತಿರುವಿನಲ್ಲಿ ನಿಲ್ಲುತ್ತವೆ. ಆರೋಗ್ಯವಂತ ಕಿವಿಯಲ್ಲೂ ಇರುವ ಮಲಾಸೇಜಿಯ ಎಂಬ ಯೀಸ್ಟ್ ಆಗ ಮಿತಿಮೀರಿ ಬೆಳೆದು ಕಂದು ಗುಗ್ಗೆ, ಹುಳಿನಾತ, ತುರಿಕೆ ತರುತ್ತದೆ. ತಲೆ ಕೊಡವಿ ಕೊಡವಿ ಕಿವಿಹಾಳೆಯೊಳಗೆ ರಕ್ತ ತುಂಬಿ ಅದು ಇಡ್ಲಿಯಂತೆ ಉಬ್ಬುವುದೂ ಉಂಟು.

ಪಶುವೈದ್ಯರು ಸೂಚಿಸಿದ ದ್ರಾವಣವನ್ನು ಕಿವಿಗೆ ತುಂಬಿ, ಬುಡವನ್ನು ಅರ್ಧ ನಿಮಿಷ ಮೆಲ್ಲಗೆ ಹಿಚುಕಬೇಕು. ಪಿಚಪಿಚ ಸದ್ದು ಕೇಳಿಸುತ್ತದೆ. ಬಳಿಕ ನಾಯಿ ತಲೆ ಕೊಡವಲಿ (ಬಿಳಿ ಪಂಚೆಯವರು ದೂರ ನಿಲ್ಲುವುದು ಒಳಿತು). ಮೇಲೆ ಬಂದ ಕೊಳೆಯನ್ನು ಹತ್ತಿಯಿಂದ, ಕಣ್ಣಿಗೆ ಕಂಡಷ್ಟು ಭಾಗದಲ್ಲಿ ಮಾತ್ರ ಒರೆಸಬೇಕು. ಕಿವಿಕಡ್ಡಿ ಗುಗ್ಗೆಯನ್ನು ಇನ್ನಷ್ಟು ಒಳಕ್ಕೆ ತಳ್ಳುತ್ತದೆ. ಕರಾವಳಿಯ ಮನೆಗಳಲ್ಲಿ ಎಲ್ಲಕ್ಕೂ ಮದ್ದಾಗುವ ತೆಂಗಿನೆಣ್ಣೆ ಇಲ್ಲಿ ಸಲ್ಲದು. ಅದು ಕೊಳೆಯನ್ನೂ ತೇವವನ್ನೂ ಹಿಡಿದಿಡುತ್ತದೆ. ಸ್ಪಿರಿಟ್ ಉರಿಸುತ್ತದೆ. ಕಿವಿಯ ಮಡಿಕೆಗಳಲ್ಲಿ ಉಣ್ಣಿ ಅಡಗಿರುವುದರಿಂದ ಅಲ್ಲಿಯೂ ನೋಡಬೇಕು.

ಕೀವು, ನೋವು, ತಲೆ ಒಂದೇ ಕಡೆ ವಾಲಿಸುವುದು ಕಂಡರೆ ಮನೆಮದ್ದು ನಿಲ್ಲಿಸಿ ವೈದ್ಯರಿಗೆ ತೋರಿಸಬೇಕು: ಕಿವಿತಮಟೆ ಹರಿದಿದ್ದರೆ ಕೆಲವು ಕಿವಿಹನಿಗಳು ಕಿವುಡು ತರಬಲ್ಲವು.